ಇಡ್ಲಿ ಹಿಟ್ಟಿನಲ್ಲಿ ಗೆಂಡೆ ಮೀನು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದೊಂದು ದೋಷವೆಂದು ಮನೆಯವರೆಲ್ಲ ಹೇಳುತ್ತಾರೆ. ಒಪ್ಪಿಕೊಳ್ಳಲು ನಾನು ತಯಾರಿಲ್ಲ. ಕುಕ್ಕರಿನ ಸೀಟಿಯನ್ನು ನಾನೇ ಎಣಿಸಬೇಕು. ಗ್ಯಾಸನ್ನು ಯಾರೇ ಬಂದ್ ಮಾಡಿರಲಿ, ನಾನೊಮ್ಮೆ ಹೋಗಿ ತಿರುಗಿಸಿ ನೋಡಬೇಕು. ಠಾಕುರ್ಲಿ ಸ್ಟೇಶನ್ನಿನಲ್ಲಿ ಇಂಡಿಕೇಟರ್ ಏನೇ ತೋರಿಸಲಿ, ಗಾಡಿಯ ಹಣೆಯ ಮೇಲೆ ಬರೆದದ್ದನ್ನು ಓದಿ, ಒಳಗಿರುವ ಒಬ್ಬ ಹೆಂಗಸನ್ನು ಕೇಳಿ, ಅವಳು ಹೇಳಿದ್ದನ್ನು ಇನ್ನೊಬ್ಬಳ ಬಳಿ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಗಾಡಿ ಹೊರಟೇ ಹೋಗಿರುತ್ತದೆ. "ಮಮ್ಮಿ, ತೂ ಘಡಿ ಭೀ ದೂಸ್ರೀ ಘಡಿ ದೇಖ್ ಕೆ ಮಾನ್ತೀ ಹೈ" ಎಂದು ಮಗಳು ಛೇಡಿಸುತ್ತಾಳೆ. ಹೌದು, ಒಂದು ಗಡಿಯಾರ ಸರಿಯಿದೆ ಎನ್ನಲು ಇನ್ನೊಂದು ಗಡಿಯಾರ ಬೇಡವೇ? ನನ್ನ ಕೆಲಸವೂ ಅಂಥದ್ದೇ. ಠಾಣೆ ಸ್ಟೇಶನ್ನಿನಲ್ಲಿ ಗಾಡಿ ಬದಲಿಸಿ ದಿನಾ ನವಿ ಮುಂಬಯಿಯ ಒಂದು ಲ್ಯಾಬಿಗೆ ಹೋಗಿ, ಕಪ್ಪು ಪರದೆಯ ಮುಂದೆ ಕೂತು, ಕಂಪ್ಯೂಟರ್ ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುವುದೇ ನನ್ನ ಉದ್ಯೋಗ.

ಕೆಲಸ ಏನೆಂದು ನೆಂಟರು ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟು. ಜೀವ ಇರುವ ಯಾವುದರ ಒಳಗೂ ಒಂದು ಉದ್ದನೆಯ ಬರಹ ಇರುತ್ತದೆ. ಒಂದು ಯಂತ್ರ ಅದನ್ನು ಚೂರು ಚೂರು ಮಾಡಿ ಓದುತ್ತದೆ. ಆ ಲಕ್ಷಗಟ್ಟಲೆ ಚೂರುಗಳಲ್ಲಿ ಯಾವುದು ಅಕ್ಕಿಯದು, ಯಾವುದು ಉದ್ದಿನದು, ಯಾವುದು ಬ್ಯಾಕ್ಟೀರಿಯಾದ್ದು ಎಂದು ಜಗತ್ತಿನ ದೊಡ್ಡ ಸಂಗ್ರಹದ ಜೊತೆ ಹೋಲಿಸಿ ಹೇಳುವುದು ಸಾಫ್ಟ್‌ವೇರ್. ನಡುವೆ ಒಂದು ಚಾಕರಿ ಉಂಟು. ಓದುವ ಮೊದಲು ಯಂತ್ರ ಪ್ರತಿ ಚೂರಿಗೂ ತನ್ನದೊಂದು ಬಾಲ ಅಂಟಿಸಿರುತ್ತದೆ, ಹೊಸ ಸ್ಟೀಲ್ ಪಾತ್ರೆಯ ತಳದಲ್ಲಿರುವ ಚೀಟಿಯ ಹಾಗೆ. ಅದನ್ನು ಮೊದಲು ಕಿತ್ತು ಹಾಕಬೇಕು. ನಮ್ಮ ಮಾವನವರಿಗೆ ಇದನ್ನು ಎಷ್ಟು ಸಲ ವಿವರಿಸಿದರೂ ಕೊನೆಗೆ, "ಹಾಗಾದ್ರೆ ನನ್ನ ಶುಗರ್ ಎಷ್ಟುಂಟು ಅಂತ ಅದ್ರಲ್ಲಿ ಗೊತ್ತಾಗ್ತದಾ?" ಎಂದು ಕೇಳುತ್ತಾರೆ.

ಇಷ್ಟು ವರ್ಷ ಈ ಚಾಕರಿಯನ್ನೆಲ್ಲ ಒಂದೊಂದೇ ಆಜ್ಞೆ ಟೈಪ್ ಮಾಡಿ ನಾನೇ ಮಾಡಿಕೊಂಡು ಬಂದಿದ್ದೆ. ಹೀಗಿರುವಾಗ ನಮ್ಮ ಮುಖ್ಯಸ್ಥೆ ಪ್ರಧಾನ್ ಮೇಡಂ ಒಂದು ಹೊಸ ಸಾಫ್ಟ್‌ವೇರನ್ನು ಪರೀಕ್ಷೆಗೆಂದು ತರಿಸಿದರು. ಬಣ್ಣ ಬಣ್ಣದ ಪರದೆ, ನಡುವೆ ಒಂದು ಹಸಿರು ಗುಂಡಿ. ಗುಂಡಿ ಒತ್ತಿದರೆ ಎಲ್ಲವನ್ನೂ ಅದೇ ಮಾಡಿ ಮುಗಿಸುತ್ತದಂತೆ. ಮಾರಲು ಬಂದ ಹುಡುಗಿ, "ಆಂಟಿ, ನಿಮಗೆ ಇನ್ನು ಮೇಲೆ ಏನೂ ಕೆಲಸವೇ ಇರುವುದಿಲ್ಲ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಈ ಗುಂಡಿಯ ಮಾನ ಕಳೆಯದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಯಾವುದನ್ನಾದರೂ ಪರೀಕ್ಷಿಸಲು, ಒಳಗೆ ಏನಿದೆ ಎಂದು ನಮಗೆ ಖಂಡಿತ ಗೊತ್ತಿರುವ ವಸ್ತು ಬೇಕು. ಡೊಂಬಿವಲಿ ಸ್ಟೇಶನ್ನಿನ ಹತ್ತಿರ ನಮ್ಮ ಭಾವನ, ಅಂದರೆ ನನ್ನ ಗಂಡನ ಅಣ್ಣನ, ಶಾಕಾಹಾರಿ ಹೋಟೆಲಿದೆ. ಉಡುಪಿಯಿಂದ ಬಂದ ಕಾಲದಿಂದಲೂ ಆ ಅಡುಗೆಮನೆಯಲ್ಲಿ ಹಳೆಯ ಹಿಟ್ಟಿನ ಒಂದು ಸೌಟು ಉಳಿಸಿ ಹೊಸ ಹಿಟ್ಟಿಗೆ ಬೆರೆಸುವುದು ಪದ್ಧತಿ. ಅಕ್ಕಿ, ಉದ್ದು, ನೀರು, ಉಪ್ಪು ಮತ್ತು ಆ ಒಂದು ಸೌಟು. ಇದಕ್ಕಿಂತ ಖಚಿತವಾದದ್ದು ಎಲ್ಲಿ ಸಿಗಬೇಕು? ಮೇಡಂ ಒಪ್ಪಿದರು. ಒಂದು ಡಬ್ಬಿ ಹಿಟ್ಟನ್ನು ತಂದು ಲ್ಯಾಬಿಗೆ ಕೊಟ್ಟೆ. ಓದಿದ ಚೂರುಗಳು ಬಂದ ದಿನ ಹೊಸ ಸಾಫ್ಟ್‌ವೇರ್ ತೆರೆದೆ. 'ಬಾಲ ಕತ್ತರಿಸು' ಎಂಬ ಚೌಕದಲ್ಲಿ ಅದು ತಾನಾಗಿಯೇ ಒಂದು ಟಿಕ್ ಹಾಕಿಕೊಂಡು ಕೂತಿತ್ತು. ನನ್ನನ್ನು ಕೇಳದೆ ಟಿಕ್ ಹಾಕಲು ಇದು ಯಾರು ಎಂದು ಸಿಟ್ಟು ಬಂದು ಅದನ್ನು ತೆಗೆದೆ. ನಾನೇ ಕೈಯಾರೆ ಕತ್ತರಿಸುವವಳಿದ್ದೆ. ಅಷ್ಟರಲ್ಲಿ ನಮ್ಮ ಕಟ್ಟಡದ ಸೊಸೈಟಿಯಿಂದ ಫೋನು ಬಂತು: ನೀರಿನ ಟ್ಯಾಂಕರ್ ಬಂದಿದೆ, ಪಂಪಿನ ಚಾವಿ ನಿಮ್ಮ ಮನೆಯಲ್ಲಿದೆ, ಎಲ್ಲಿ ಇಟ್ಟಿದ್ದೀರಿ. ಚಾವಿಯ ಜಾಗ ಹೇಳಿ, ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿ, ಫೋನಿಟ್ಟು, ಹಸಿರು ಗುಂಡಿ ಒತ್ತಿದೆ.

ಉತ್ತರ ಬಂತು: ಅಕ್ಕಿ, ಉದ್ದು, ಹುಳಿ ಬರಿಸುವ ಬ್ಯಾಕ್ಟೀರಿಯಾ, ಮತ್ತು ಗೆಂಡೆ ಮೀನು.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಶುದ್ಧ ಸಸ್ಯಾಹಾರಿ ಹೋಟೆಲಿನ ಹಿಟ್ಟಿನಲ್ಲಿ ಕೆರೆಯ ಮೀನು ಕಾಣುವ ಸಾಫ್ಟ್‌ವೇರ್. ಪರದೆಯ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ, 'ನೋಡಿ, ನಮ್ಮ ಆಫೀಸಿನ ಹೊಸ ಮಹಾಶಯನ ಬುದ್ಧಿ' ಎಂದು ಬರೆದೆ. ಮನೆಯ ಗುಂಪಿನಿಂದ ಆ ಫೋಟೋ ಕನ್ನಡ ಸಂಘದ ಗುಂಪಿಗೆ ಹೋಯಿತು. ನನ್ನ ಸಾಲು ಮಾತ್ರ ಹೋಗಲಿಲ್ಲ.

ಸಂಜೆ ಗಾಡಿಯಲ್ಲಿರುವಾಗಲೇ ಭಾವನ ಫೋನು. "ಎಂತ ಮಾರಾಯ್ತಿ, ನಮ್ಮ ಹಿಟ್ಟಿನಲ್ಲಿ ಮೀನುಂಟಂತೆ? ನೀನೇ ಹೇಳಿದ್ದಂತೆ?"

"ನಾನಲ್ಲ ಭಾವ, ಸಾಫ್ಟ್‌ವೇರ್ ಹೇಳಿದ್ದು. ಅದು ಸುಳ್ಳು."

"ಕಂಪ್ಯೂಟರ್ ಸುಳ್ಳು ಹೇಳುದಿಲ್ಲ, ಮನುಷ್ಯರು ಹೇಳುದು ಅಂತ ಮೊನ್ನೆ ಪೂಜೆ ದಿನ ಎಲ್ಲರ ಎದುರು ಹೇಳಿದ್ದು ಯಾರು?"

ನಾನೇ. ಭಾವ ಮುಂದೆ ಹೇಳಿದ್ದು ಕೇಳಿ ನಗು ನಿಂತುಹೋಯಿತು. ಸಂಘದ ಗಣೇಶೋತ್ಸವದ ಬೆಳಗಿನ ಇಡ್ಲಿ, ಕೊಟ್ಟೆ ಕಡುಬು ಪ್ರತಿ ವರ್ಷ ಭಾವನ ಹೋಟೆಲಿನದು. ಅಧ್ಯಕ್ಷ ಶಾಮರಾಯರು ಆಗಲೇ ಬಂದು ಅಡುಗೆಮನೆ ನೋಡಿ ಹೋಗಿದ್ದರು. ಹಿಟ್ಟು ರುಬ್ಬುವವನು ವಿಜಯಪುರದ ಕಡೆಯ ಭೀಮಪ್ಪ. ಅವನು ಮೀನು ತಿನ್ನುತ್ತಾನೆಂದು ಯಾರೋ ಅವರಿಗೆ ಹೇಳಿದ್ದರು. ಅವನನ್ನು ಕೆಲಸದಿಂದ ತೆಗೆದರೆ ಆರ್ಡರ್ ಭಾವನಿಗೇ, ಇಲ್ಲವಾದರೆ ಬೇರೆಯವರಿಗೆ ಎಂದು ಹೇಳಿ ಹೋಗಿದ್ದರು.

ಆ ಹೋಟೆಲಿಗೆ ಮೊದಲು ಎಷ್ಟೋ ಜನ ರುಬ್ಬುವವರು ಬಂದು ಹೋಗಿದ್ದರು. ಭೀಮಪ್ಪ ಬಂದ ಮೇಲೆ ಭಾವ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು. ಅವನ ಹೆಂಡತಿ ಹತ್ತಿರದ ಶಹಾಡಿನಲ್ಲಿ ಮಾಡುತ್ತಿದ್ದ ಕಟ್ಟಡದ ಕೆಲಸ ಬಿಟ್ಟು ಆಗಷ್ಟೇ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ನಾನು ಹಾಕಿದ ಒಂದು ಫೋಟೋದಿಂದ ಅವನ ಅನ್ನಕ್ಕೆ ಕಲ್ಲು ಬೀಳುವುದು ನನ್ನಿಂದ ಸಹಿಸಲಾಗಲಿಲ್ಲ.

ಮರುದಿನ ಸಾಫ್ಟ್‌ವೇರಿನ ಸುಳ್ಳನ್ನು ಹಿಡಿಯಲೆಂದು ಆಫೀಸಿಗೆ ಓಡಿದೆ. ಹಿಡಿದದ್ದು ನನ್ನನ್ನೇ. ಟಿಕ್ ತೆಗೆದಿದ್ದೆ, ಕೈಯಾರೆ ಕತ್ತರಿಸಲು ಮರೆತಿದ್ದೆ. ನಮ್ಮ ಕಸುಬಿನಲ್ಲಿ ಇದು ಹಳೆಯ ಕತೆ. ಎಂದೋ ಯಾರೋ ಗೆಂಡೆ ಮೀನಿನ ಬರಹವನ್ನು ಜಗತ್ತಿನ ಸಂಗ್ರಹಕ್ಕೆ ಸೇರಿಸುವಾಗ ಬಾಲ ಕತ್ತರಿಸಿರಲಿಲ್ಲ. ಹಾಗಾಗಿ ಯಂತ್ರದ ಆ ಬಾಲಗಳು ಮೀನಿನ ಹೆಸರಿನಲ್ಲೇ ಅಲ್ಲಿ ಕೂತಿವೆ. ಬಾಲ ಕತ್ತರಿಸದೆ ಏನನ್ನೇ ಕೊಟ್ಟರೂ ಸಾಫ್ಟ್‌ವೇರಿಗೆ ಗೆಂಡೆ ಮೀನು ಕಾಣುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ವಾರ ನಾನು ಹೇಳಿಕೊಡುವ ಪಾಠ ಇದು. ಗೆಲುವಿನ ಖುಷಿಯಲ್ಲಿ ನನಗೇ ಹೊಳೆಯಲಿಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೋಟೆಲಿಗೆ ಹೋದೆ. ಶಾಮರಾಯರು ಗಲ್ಲಾದ ಪಕ್ಕ ಕೂತಿದ್ದರು. ಭೀಮಪ್ಪ ಗ್ರೈಂಡರಿನ ಹತ್ತಿರ ಕೈಕಟ್ಟಿ ನಿಂತಿದ್ದ.

"ಅವನನ್ನೇ ಕೇಳಿ," ಎಂದರು ರಾಯರು. "ಮೀನು ತಿಂತಾನೋ ಇಲ್ವೋ?"

"ತಿಂತೀನ್ರೀ, ಸುಳ್ಳ ಯಾಕ ಹೇಳ್ಲಿ," ಎಂದ ಭೀಮಪ್ಪ. "ಬುಧವಾರ ನನ್ನ ಸೂಟಿ, ಅವತ್ತ ರೂಮಿನ್ಯಾಗ ಮಾಡ್ಕೊಂಡ ತಿಂತೀನಿ. ಆದ್ರ ಮೀನಿನ ರೇಟ್ ಕೇಳ್ರಿ ಒಮ್ಮಿ. ಅಷ್ಟ ಕೊಟ್ಟ ತಂದದ್ದನ್ನ ನಾ ತಿನ್ನೂದು ಬಿಟ್ಟ ಈ ಹಿಟ್ಟಿನಾಗ ಯಾಕ ಹಾಕ್ಲಿ?"

ಭಾವ ಮುಖ ತಿರುಗಿಸಿ ನಕ್ಕರು. ನಾನು ಬಾಲದ ಕತೆಯನ್ನು ಮೊದಲಿಂದ ಹೇಳಿ, ತಪ್ಪು ನನ್ನದು, ಹಿಟ್ಟಿನದಲ್ಲ, ಭೀಮಪ್ಪನದಂತೂ ಅಲ್ಲವೇ ಅಲ್ಲ ಎಂದೆ. ರಾಯರು ಕರುಣೆಯಿಂದ ನನ್ನನ್ನು ನೋಡಿದರು. "ಮನೆಯವರನ್ನು ಉಳಿಸ್ಲಿಕ್ಕೆ ಹೇಳ್ತಾ ಇದ್ದೀರಿ, ನನಗೆ ಅರ್ಥ ಆಗ್ತದೆ ಅಮ್ಮಾ. ಆದ್ರೆ ಕಂಪ್ಯೂಟರ್ ಅಷ್ಟು ಸ್ಪಷ್ಟ ಹೇಳುವಾಗ ಎಂತ ಮಾಡುದು?"

ನನ್ನನ್ನು ಕರುಣೆಯಿಂದ ನೋಡುವವರನ್ನು ನಾನು ಸುಮ್ಮನೆ ಬಿಡುವುದಿಲ್ಲ. "ಸರಿ ರಾಯರೇ," ಎಂದೆ, "ನಿಮ್ಮ ಮನೆಯ ದೋಸೆ ಹಿಟ್ಟು ಒಂದು ಡಬ್ಬಿ ಕೊಡಿ. ನಿಮ್ಮ ಮನೆಯವರೇ ಮಡಿಯಲ್ಲಿ ರುಬ್ಬಿದ್ದು. ಅದನ್ನೂ ನೋಡಿಬಿಡುವ." ರಾಯರು ಎದೆಯುಬ್ಬಿಸಿ ಒಪ್ಪಿದರು. ಆ ಉತ್ತರ ಬರುವವರೆಗೆ ಭೀಮಪ್ಪನ ಸುದ್ದಿಗೆ ಹೋಗುವುದಿಲ್ಲವೆಂದು ಭಾವನ ಎದುರೇ ಹೇಳಿಸಿದೆ.

ಎರಡನೇ ಡಬ್ಬಿ ಕಂಡ ಪ್ರಧಾನ್ ಮೇಡಂ, "ಯೆ ಲ್ಯಾಬ್ ಹೈ ಯಾ ಇಡ್ಲಿ ಕಾ ಠೇಲಾ?" ಎಂದು, ಲ್ಯಾಬನ್ನು ಇಡ್ಲಿ ಗಾಡಿ ಮಾಡಿದ್ದಕ್ಕೆ ಗದರಿದರು. ಆಗ ಬೇರೆ ದಾರಿ ಇರಲಿಲ್ಲ. ಮೀನು ಕಂಡದ್ದು ಸಾಫ್ಟ್‌ವೇರಿನ ತಪ್ಪಲ್ಲ, ಟಿಕ್ ತೆಗೆದದ್ದು ನಾನು, ಇದೊಂದು ಹಿಟ್ಟಿಗೆ ಅವಕಾಶ ಕೊಟ್ಟರೆ ಹೊಸ ಸಾಫ್ಟ್‌ವೇರ್ ಕೊಳ್ಳಲು ನನ್ನ ಅಡ್ಡಿಯಿಲ್ಲ ಎಂದೆ. ಅವರು ನಗಲಿಲ್ಲ, ಅದೇ ದೊಡ್ಡದು. ಹಸಿರು ಗುಂಡಿಯ ವಿರುದ್ಧ ಹೂಡಿದ್ದ ಯುದ್ಧವನ್ನು ನಾನು ಒಬ್ಬ ಮೀನು ತಿನ್ನುವವನಿಗಾಗಿ ಬಿಟ್ಟುಕೊಟ್ಟೆ. ಆ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಉತ್ತರ ಬಂದ ದಿನ ಲ್ಯಾಪ್‌ಟಾಪ್ ಹೊತ್ತು ನೇರ ರಾಯರ ಮನೆಗೇ ಹೋದೆ. ಅವರ ಹೆಂಡತಿಯೂ ಪಕ್ಕದಲ್ಲಿ ಬಂದು ಕೂತರು. ಮೊದಲು ಟಿಕ್ ತೆಗೆದು ತೋರಿಸಿದೆ: ಅಕ್ಕಿ, ಉದ್ದು, ಮೆಂತ್ಯ, ಗೆಂಡೆ ಮೀನು. ರಾಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ನಾನೂ ಅವಸರ ಮಾಡಲಿಲ್ಲ. ಅವರ ಹೆಂಡತಿ ಗಂಡನ ಕಡೆ ನಿಧಾನವಾಗಿ ತಿರುಗಿ, "ರುಬ್ಬಿದ್ದು ನಾನು. ನನ್ನನ್ನು ಕೆಲಸದಿಂದ ಯಾವಾಗ ತೆಗೀತೀರಿ?" ಎಂದು ಕೇಳಿದರು. ಆಮೇಲೆ ಟಿಕ್ ಹಾಕಿ, ಭಾವನ ಹಿಟ್ಟನ್ನೂ ಸೇರಿಸಿ ತೋರಿಸಿದೆ. ಎರಡೂ ಹಿಟ್ಟಿನಿಂದ ಮೀನು ಹೋಯಿತು. ರಾಯರು ಅಲ್ಲೇ ಭಾವನಿಗೆ ಫೋನು ಹಚ್ಚಿ, ಆರ್ಡರ್ ನಿಮಗೇ, ಭೀಮಪ್ಪನೇ ಇರಲಿ ಎಂದರು. ಭೀಮಪ್ಪನ ಹತ್ತಿರವೂ ಒಂದು ಮಾತು ಹೇಳಿ ಎಂದು ನಾನು ಹಟ ಹಿಡಿದೆ. ಹೇಳಿದರು.

ಗಣೇಶ ಚೌತಿ ಆ ವರ್ಷ ಗುರುವಾರ ಬಂತು. ಸಂಘದ ಸಭಾಗೃಹದಲ್ಲಿ ಬೆಳಗಿನ ಪಂಕ್ತಿ ಕೂತಾಗ ಭೀಮಪ್ಪ ಹೊಸ ಅಂಗಿ ತೊಟ್ಟು ಸಾಂಬಾರಿನ ಬಕೆಟ್ ಹಿಡಿದು ಓಡಾಡುತ್ತಿದ್ದ. ಶಾಮರಾಯರು ನನ್ನ ಪಕ್ಕದ ಎಲೆಯಲ್ಲಿದ್ದರು. ಇಡ್ಲಿ ಮುರಿಯುವ ಮೊದಲು ತಗ್ಗಿದ ದನಿಯಲ್ಲಿ, "ಇದು ಚೆಕ್ ಆದದ್ದಲ್ವಾ?" ಎಂದರು.

"ಆಗಿದೆ," ಎಂದೆ. ಆಗಿರಲಿಲ್ಲ. ಮಾಡುವುದೂ ಇಲ್ಲ. ಮನುಷ್ಯರ ಕೈಯನ್ನು ಎಲ್ಲಿಯಾದರೂ ಒಂದು ಕಡೆ ನಂಬಬೇಕಲ್ಲ ಎಂಬ ದೊಡ್ಡ ಮಾತು ನನಗೆ ಜೀವನದಲ್ಲಿ ಮೊದಲ ಸಲ ಹೊಳೆದದ್ದು ಆಗಲೇ. ರಾಯರು ತೃಪ್ತಿಯಿಂದ ತಿಂದು ಇನ್ನೂ ಎರಡು ಹಾಕಿಸಿಕೊಂಡರು.

ಭೀಮಪ್ಪನಿಗೆ ಇದು ಕೇಳಿಸಿತ್ತು. ಸಾಂಬಾರು ಬಡಿಸುವ ನೆಪದಲ್ಲಿ ಬಗ್ಗಿ, "ಅಕ್ಕಾರ, ಯಾವಾಗ ಚೆಕ್ ಮಾಡಿದ್ರಿ?" ಎಂದ.

"ಮಾಡಿಲ್ಲ ಭೀಮಪ್ಪ. ರುಬ್ಬಿದ್ದು ನೀವು. ಅಷ್ಟು ಸಾಕು ನನಗೆ."

ಅವನು ಸಾಂಬಾರಿನ ಸೌಟನ್ನು ಬಕೆಟಿನಲ್ಲೇ ಬಿಟ್ಟು ನನ್ನನ್ನು ನೋಡಿದ. "ನಾ ಎಲ್ಲಿ ರುಬ್ಬೀನ್ರಿ ಅಕ್ಕಾರ? ನಿನ್ನಿ ಬುಧವಾರ, ನನ್ನ ಸೂಟಿ. ರುಬ್ಬಿದ್ದು ನಿಮ್ಮ ಭಾವ್ನೋರು."

ಇಡ್ಲಿ ಯಾಕೋ ಇವತ್ತು ಸ್ವಲ್ಪ ಗಟ್ಟಿ ಎಂದು ನನಗೆ ಮೊದಲ ತುತ್ತಿಗೇ ಅನ್ನಿಸಿತ್ತು.