ಒಂದು ಗೇಣಿಗೊಂದು ಟ್ರೇಲರ್

ಕೊಕ್ಕೆ ಕಳಚಬಹುದಿತ್ತು. ಕೊಕ್ಕೆ ಕಳಚಿದರೂ ಇರಲಿ ಎಂದು ಹಾಕಿಸಿದ್ದ ಸರಪಳಿ ತುಂಡಾಗಬಹುದಿತ್ತು. ಎರಡೂ ಒಟ್ಟಿಗೇ ಆಗಿ, ಜೆಬೆಲ್ ಅಲಿಯ ಮೇಲ್ಸೇತುವೆ ಇಳಿಯುವಾಗ ಕಾರಿನ ಹಿಂದೆ ಕಟ್ಟಿದ್ದ ನನ್ನ ಟ್ರೇಲರೇ ನನ್ನನ್ನು ಹಿಂದೆ ಹಾಕಿ, ನನಗಿಂತ ಮೊದಲು ಅಬುಧಾಬಿ ಸೇರುವ ಉತ್ಸಾಹ ತೋರಿಸಬಹುದಿತ್ತು. ಟಯರು ಒಡೆಯಬಹುದಿತ್ತು. ಬೆಳಗಿನ ಮಂಜು ಕವಿಯಬಹುದಿತ್ತು, ಮಂಜು ಸರಿಯುತ್ತಲೇ ಮರಳುಗಾಳಿ ಏಳಬಹುದಿತ್ತು. ಹಗ್ಗ ಸಡಿಲವಾಗಿ, ಹೊದೆಸಿದ್ದ ಕಂಬಳಿ ಹಾರಿ, ಹಿಂದಿನಿಂದ ಬರುವ ಲಾರಿಯ ಗಾಜಿಗೆ ಅಂಟಿ, ಮುಂದಿನದನ್ನು ಹೇಳಲು ನಾನೇ ಇಲ್ಲದೆ ಹೋಗಬಹುದಿತ್ತು. ಬೇಲಿ ದಾಟಿದ ಒಂಟೆಯೊಂದು ರಸ್ತೆಯ ನಡುವೆ ನಿಂತು ಯೋಚನೆಗೆ ಬೀಳಬಹುದಿತ್ತು. ಪೊಲೀಸರು ಗಾಡಿ ನಿಲ್ಲಿಸಿ, ಕಂಬಳಿ ಹೊದ್ದು ಹಿಂದೆ ನಿಂತಿರುವವರು ಯಾರು ಎಂದು ಕೇಳಬಹುದಿತ್ತು. ಇಷ್ಟು ವರ್ಷ ಈ ದೇಶದಲ್ಲಿದ್ದು ನಾನು ಕಲಿತ ಅರಬಿ ಯಲ್ಲಾ, ಖಲಾಸ್, ಮಾಫಿ ಈ ಮೂರೇ, ಅಂದರೆ ನಡಿ, ಮುಗಿಯಿತು, ಇಲ್ಲ. ಮೂರರಲ್ಲಿ ಯಾವುದನ್ನು ಹೇಳಿದರೂ ಆ ಪ್ರಶ್ನೆಗೆ ಒಳ್ಳೆಯ ಉತ್ತರವಾಗುತ್ತಿರಲಿಲ್ಲ.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬಹಳ ಸಣ್ಣದು. ಅದೂ ಎಲ್ಲ ಮುಗಿದು ಟ್ರೇಲರಿನ ಚಕ್ರ ತಣ್ಣಗಾದ ಮೇಲೆ. ಅದೊಂದನ್ನು ಮುಂಚೆಯೇ ಯೋಚಿಸದೆ ಹೋದೆನಲ್ಲ ಎಂಬುದು ಚಿಂತೆಯಲ್ಲೇ ಪಳಗಿದ ನನ್ನಂಥವನಿಗೆ ದೊಡ್ಡ ಅವಮಾನ. ನಾನು ಮನೆಗೆ ಬೀಗ ಹಾಕಿ ಲಿಫ್ಟಿನಲ್ಲಿ ಇಳಿದು, ಮತ್ತೆ ಹತ್ತಿ, ಬೀಗವನ್ನು ಎಳೆದು ನೋಡಿ, ಕೆಳಗೆ ಬಂದು ವಾಚ್‌ಮನ್‌ಗೆ ನಮ್ಮ ಬೀಗದ ಮೇಲೊಂದು ಕಣ್ಣಿಡಲು ಹೇಳಿ ಹೋಗುವ ಮನುಷ್ಯ. ಹೆಂಡತಿ ಲವೀನಾ ನರ್ಸು. ರೋಗ ಬಂದವರನ್ನು ನೋಡಿಕೊಳ್ಳುವುದು ಸುಲಭ, ಬರಬಹುದು ಎಂದು ಕಾದು ಕುಳಿತವರನ್ನು ನೋಡಿಕೊಳ್ಳುವುದೇ ಕಷ್ಟ ಎನ್ನುವುದು ಅವಳ ವೃತ್ತಿಜೀವನದ ಸಾರ. ಆಸ್ಪತ್ರೆಯಲ್ಲಿ ಅವಳಿಗೆ ಎರಡನೆಯ ಬಗೆಯವರು ಸಿಗುವುದಿಲ್ಲವಾದ್ದರಿಂದ ಉದಾಹರಣೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ನಾವು ಮೊದಲು ಇದ್ದದ್ದು ದುಬೈಯ ಅಲ್ ಕುಸೈಸ್‌ನ ಒಂದು ಫ್ಲ್ಯಾಟಿನಲ್ಲಿ. ಮಗಳು ಕಾಲೇಜಿಗೆಂದು ಮಂಗಳೂರಿಗೆ ಹೋದ ವರ್ಷವೇ ಲವೀನಾಳಿಗೆ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು. ಅವಳಿಗೆ ಅಲ್ಲಿ ನರ್ಸುಗಳ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬಳೊಂದಿಗೆ ಹಂಚಿಕೊಂಡ ಕೋಣೆ, ನನಗೆ ದುಬೈಯಲ್ಲಿ ಅಡುಗೆಮನೆ, ಫ್ರಿಜ್ಜು ಮತ್ತು ಆಲ್ತಾರು. ಆಲ್ತಾರು ಅಂದರೆ ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಗೋಡೆಗೆ ಒರಗಿ ನಿಲ್ಲುವ ಮರದ ದೇವರ ಪೀಠ. ನಮ್ಮದನ್ನು ಊರಿನಲ್ಲಿ ಮಾಡಿ ಹಡಗಿನಲ್ಲಿ ಕಳಿಸಿದವರು ಲವೀನಾಳ ಅಪ್ಪ. ಮಾವ ಬಂದರಿನಲ್ಲಿ ದೋಣಿ ಕಟ್ಟುತ್ತಿದ್ದವರು. ಬೇರೆ ಏನು ಮಾಡಲು ಕೂತರೂ ಅದನ್ನು ಕಡಲಿಗೆ ಇಳಿಸುವ ಹಾಗೆಯೇ ಮಾಡುತ್ತಿದ್ದರು. ಹಲಸಿನ ಮರ, ಗಾಜಿನ ಎರಡು ಬಾಗಿಲು, ಎಲ್ಲಿಯೂ ಒಂದು ಮೊಳೆಯಿಲ್ಲ, ಸ್ಕ್ರೂ ಇಲ್ಲ, ಎಲ್ಲ ಮರದ ಬೆಣೆ. ಬಿಚ್ಚುವುದೆಂದರೆ ಒಡೆಯುವುದೇ. ಕೆಲಸ ಬದಲಾದ್ದರಿಂದ ಅವಳ ಪಾಸ್‌ಪೋರ್ಟು ವೀಸಾಕ್ಕೆಂದು ಕಚೇರಿಯಲ್ಲಿ ಸಿಕ್ಕಿಕೊಂಡಿದ್ದ ದಿನಗಳಲ್ಲೇ ಮಾವ ತೀರಿಕೊಂಡರು. ಅವಳಿಗೆ ಊರಿಗೆ ಹೋಗಲಾಗಲಿಲ್ಲ. ಮಣ್ಣಿಗೆ ಇಡುವ ಹೊತ್ತಿಗೆ ಅವಳು ದುಬೈಗೆ ಬಂದು ಆಲ್ತಾರಿನ ಮುಂದೆ ಕೂತಿದ್ದಳು. ಅದರ ಅಂಚನ್ನು ಕೈಯಲ್ಲಿ ಹಿಡಿದಿದ್ದಳು. ನಾನು ಟೀ ಮಾಡಿ ತಂದಿಟ್ಟೆ, ಕುಡಿಯಲಿಲ್ಲ.

ಅಂದಿನಿಂದ ರಾತ್ರಿ ಎಂಟಕ್ಕೆ ಫೋನಿನಲ್ಲಿ ನಮ್ಮ ತೇರ್ಸ್ ನಡೆಯತೊಡಗಿತು. ತೇರ್ಸ್ ಎಂದರೆ ಸಂಜೆಯ ಜಪಮಾಲೆ. ಪ್ರತಿ ಪ್ರಾರ್ಥನೆಯನ್ನೂ ಒಬ್ಬರು ಅರ್ಧ ಹೇಳಬೇಕು, ಉಳಿದವರು ಇನ್ನರ್ಧ ಹೇಳಿ ಪೂರ್ತಿ ಮಾಡಬೇಕು. ಜೊತೆಯವಳು ಮಲಗಿರುತ್ತಾಳೆಂದು ಲವೀನಾ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡುತ್ತಿದ್ದಳು. ಮೊದಲ ಪ್ರಶ್ನೆ ಯಾವಾಗಲೂ ಒಂದೇ, "ದೀಪ ಹಚ್ಚಿ ಆಯ್ತಾ?" "ಹಚ್ಚಿ ಆಯ್ತು" ಎಂದು ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಣದಬತ್ತಿಯ ಪಕ್ಕದಲ್ಲಿ ಇಡುತ್ತಿದ್ದೆ. ಸ್ಪೀಕರಿನಲ್ಲಿ ಒಂದು ತೊಂದರೆಯಿತ್ತು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ಮಾತನ್ನು ಅದು ನುಂಗಿಬಿಡುತ್ತಿತ್ತು. ಹಾಗಾಗಿ ಅವಳ ಅರ್ಧ ಮುಗಿದು, ಪೂರ್ತಿ ಬಂದು ಮುಟ್ಟಿ, ಒಂದು ಉಸಿರು ಕಳೆದ ಮೇಲೆ ನನ್ನರ್ಧ. ಅವಳದ್ದೂ ಅದೇ ಕ್ರಮ. ವರ್ಷಗಳೇ ಹೀಗೆ ಕಳೆದವು.

ಕಡೆಗೆ ಆಸ್ಪತ್ರೆಯವರು ಅವಳಿಗೆ ಫ್ಯಾಮಿಲಿ ಫ್ಲ್ಯಾಟ್ ಕೊಟ್ಟರು. ನನ್ನ ಕಂಪನಿ ಅಬುಧಾಬಿಯ ಮುಸಫ್ಫಾದಲ್ಲಿ ಶಾಖೆ ತೆರೆದು, ಯಾರೂ ಹೋಗಲು ಒಪ್ಪದ ಕಾರಣ ನನ್ನನ್ನು ಯೋಗ್ಯನೆಂದು ಗುರುತಿಸಿತು. ಮನೆ ಖಾಲಿ ಮಾಡುವಾಗ ಎಲ್ಲರೂ ಮಾಡುವಂತೆ ನಾನೂ ಬೀದಿ ಬದಿಯಲ್ಲಿ ಸಾಲಾಗಿ ನಿಂತಿರುವ ಪಿಕಪ್‌ಗಳಲ್ಲಿ ಒಂದನ್ನು ಕರೆದು ಸಾಮಾನು ಕಳಿಸಿದೆ. ಫ್ರಿಜ್ಜು ಹೋಯಿತು, ಅದರ ಹಿಡಿ ಬೇರೆಯಾಗಿ ಹೋಯಿತು. ಅಂದು ರಾತ್ರಿ ಲವೀನಾ ಸ್ವರ ಏರಿಸದೆ ಹೇಳಿದಳು, "ಬೇರೆ ಎಲ್ಲ ಒಡೆದು ಬಂದರೂ ನಾನು ಕೇಳುವುದಿಲ್ಲ. ಅಪ್ಪನ ಆಲ್ತಾರ್ ಒಂದು ಸರಿಯಾಗಿ ಬರಲಿ." ಅವಳು ಸ್ವರ ಏರಿಸಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ನನ್ನದು ಸಣ್ಣ ಕಾರು. ಹಿಂದಿನ ಸೀಟುಗಳನ್ನು ಮಡಚಿ, ಅಳತೆಯ ಟೇಪಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಅಳೆದೆ. ಆಲ್ತಾರು ಕಾರಿನ ಜಾಗಕ್ಕಿಂತ ಒಂದು ಗೇಣು ಉದ್ದವಾಯಿತು. ಮತ್ತೆ ಅಳೆದೆ, ಗೇಣು ಗೇಣಾಗಿಯೇ ಉಳಿಯಿತು. ಡಿಕ್ಕಿ ತೆರೆದಿಟ್ಟುಕೊಂಡು ಹೋಗುವಷ್ಟು ಎದೆ ನನಗಿಲ್ಲ. ಕಾರಿನ ತಲೆಯ ಮೇಲೆ ಅಂಗಾತ ಮಲಗಿಸಿ ಕಟ್ಟುವುದೆಂದರೆ ಮಾವನನ್ನೇ ಕಟ್ಟಿದಂತೆ ಕಾಣುತ್ತಿತ್ತು. ಆಗ ಬಂದವನು ಇದಿನಬ್ಬ. ನನ್ನ ಊರಿನವನೇ, ದೇರಾದಲ್ಲಿ ಅಕ್ಕಿ, ಮಸಾಲೆ, ಒಣಮೀನಿನ ಸಗಟು ಅಂಗಡಿ ಇಟ್ಟುಕೊಂಡಿರುವ ಬ್ಯಾರಿ ಮುಸಲ್ಮಾನ. ನಾವಿಬ್ಬರೂ ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದೇ ಕೋಣೆಯಲ್ಲಿದ್ದವರು. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ನನ್ನನ್ನು ಇಂದಿಗೂ ಪೊರ್ಬುಗಳೇ ಎನ್ನುತ್ತಾನೆ. "ನನ್ನ ವ್ಯಾನ್ ಉಂಟಲ್ಲ ಪೊರ್ಬುಗಳೇ, ಶುಕ್ರವಾರ ಖಾಲಿಯೇ ಇರ್ತದೆ" ಎಂದ. ಆ ವ್ಯಾನಿನಲ್ಲಿ ಎರಡು ಆಲ್ತಾರು ಹಿಡಿಸುತ್ತಿದ್ದವು. ಆದರೆ ಅದರ ಬಾಗಿಲು ತೆರೆದರೆ ಸಾಕು, ಒಣಸಿಗಡಿಯ ವಾಸನೆ ಇಳಿದು ಬಂದು ಕೈ ಕುಲುಕುತ್ತಿತ್ತು. ದೇವರ ಪೀಠವನ್ನು ಅದರೊಳಗೆ ನಿಲ್ಲಿಸುವುದೇ? ಅವನಿಗೆ ಬೇಸರವಾಗಬಾರದೆಂದು, ನಿಮಗೆ ಯಾಕೆ ತೊಂದರೆ ಬ್ಯಾರಿಗಳೇ, ನನಗೆ ಹೇಗೂ ಒಂದು ಟ್ರೇಲರ್ ತೆಗೆದುಕೊಳ್ಳುವ ಯೋಚನೆಯಿತ್ತು ಎಂದುಬಿಟ್ಟೆ. ಆ ಯೋಚನೆ ಹುಟ್ಟಿದ್ದು ಆ ವಾಕ್ಯದ ನಡುವಿನಲ್ಲಿ.

ಹೀಗೆ ಒಂದು ಗೇಣಿನ ಸಲುವಾಗಿ ಇಬ್ಬರೂ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆವು. ಅಲ್ಲಿ ದೋಣಿ ಹೊರುವ, ಮರುಭೂಮಿಯ ಬೈಕು ಹೊರುವ, ಕುದುರೆಯನ್ನೇ ಹೊರುವ ಟ್ರೇಲರುಗಳಿದ್ದವು. ಅಂಗಡಿಯ ಮಲಯಾಳಿ ನನ್ನ ಕಾರನ್ನು ಒಂದು ಸುತ್ತು ಬಂದು, ಎಳೆಯುವುದು ಯಾವುದರಿಂದ ಎಂದು ಕೇಳಿದ. ಇದರಿಂದಲೇ ಎಂದೆ. ಅವನು ಇನ್ನೊಂದು ಸುತ್ತು ಬಂದ. ನಾಲ್ಕು ಚಕ್ರದ್ದು ಭದ್ರ, ಆದರೆ ಹೊರೆಯಿಲ್ಲದಿದ್ದರೂ ನನ್ನ ಕಾರಿಗಿಂತ ಗಂಭೀರವಾಗಿತ್ತು. ಮುಚ್ಚಿದ ಪೆಟ್ಟಿಗೆಯಂಥದು ಮರಳಿಗೆ ಒಳ್ಳೆಯದು, ಆದರೆ ಅಬುಧಾಬಿ ರಸ್ತೆಯ ಅಡ್ಡಗಾಳಿಗೆ ಹಾಯಿಯಂತೆ ನಿಲ್ಲುತ್ತದೆ. ತೀರಾ ತೆರೆದದ್ದು ಗಾಳಿಗೆ ಒಳ್ಳೆಯದು, ಮರಳಿಗೆ ಕೆಟ್ಟದ್ದು. ಒಂದಕ್ಕೆ ಸ್ಪ್ರಿಂಗು ಗಟ್ಟಿ, ಗಾಜು ಒಡೆಯುತ್ತದೆ. ಇನ್ನೊಂದಕ್ಕೆ ಸ್ಪ್ರಿಂಗು ಮೆದು, ಆಲ್ತಾರು ಕುಣಿಯುತ್ತದೆ. ನಾನು ಪ್ರತಿಯೊಂದರ ಮುಂದೆಯೂ ನಿಂತು ಅದು ಎಲ್ಲಿ, ಹೇಗೆ ಕೈಕೊಡಬಹುದೆಂದು ಕಲ್ಪಿಸಿಕೊಳ್ಳುತ್ತ ಹೋದೆ. ಎಲ್ಲವೂ ಚೆನ್ನಾಗಿ ಕೈಕೊಡುವಂತೆಯೇ ಕಂಡವು. ಹೊರೆ ಏನು ಎಂದು ಮಲಯಾಳಿ ಕೇಳಿದ. ಹೇಳಿದೆ. ತೂಕ ಎಷ್ಟು ಎಂದ. ನನಗೆ ಗೊತ್ತಿರಲಿಲ್ಲ. ನನ್ನ ಮಾವನಷ್ಟೇ ಇರಬಹುದು ಎಂಬ ಉತ್ತರ ಬಾಯಿಯ ತನಕ ಬಂದು ನಿಂತಿತು.

"ಹೆಣ್ಣು ನೋಡುವಾಗ ಇಷ್ಟು ನೋಡಿದ್ರಾ ಪೊರ್ಬುಗಳೇ?" ಎಂದ ಇದಿನಬ್ಬ. ಅವನು ಅಷ್ಟರಲ್ಲಿ ನೆರಳು ಹುಡುಕಿ ಕುದುರೆಯ ಟ್ರೇಲರಿನೊಳಗೆ ಕುಳಿತಿದ್ದ.

ಕಡೆಗೆ ಆರಿಸಿದ್ದು ಎರಡು ಚಕ್ರದ, ಸುತ್ತ ಜಾಲರಿಯಿರುವ, ಯಾರೋ ಬಳಸಿ ಬಿಟ್ಟು ದೇಶ ಬಿಟ್ಟಿದ್ದ ಒಂದು ಪುಟ್ಟ ಟ್ರೇಲರನ್ನು. ಕಾರಣ ಕೇಳಿದರೆ ಅದರ ಗುಣ ನನಗೆ ತಿಳಿಯಿತೆಂದಲ್ಲ. ಅದರ ಮುಂದೆ ನಿಂತಾಗ ಹೊತ್ತು ಮುಳುಗಿ ಅಂಗಡಿ ಮುಚ್ಚುವ ಸಮಯವಾಗಿತ್ತು. ಆಮೇಲೆ ಕಾರಿಗೆ ಕೊಕ್ಕೆ, ಹಿಂದಿನ ದೀಪಗಳಿಗೆ ತಂತಿ, ಪರೀಕ್ಷೆ, ನಂಬರು. ಒಂದು ಶುಕ್ರವಾರ ಬೆಳಿಗ್ಗೆ ಕುಸೈಸ್‌ನ ಗೋದಾಮುಗಳ ಹಿಂದಿನ ಖಾಲಿ ಜಾಗದಲ್ಲಿ ರಿವರ್ಸ್ ಕಲಿಯಲು ಹೋದೆ. ಹಿಂದಕ್ಕೆ ಹೋಗುವಾಗ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಗುತ್ತದೆಂಬುದನ್ನು ನಾನು ಪುಸ್ತಕದಲ್ಲಿ ಓದಿ ಒಪ್ಪಿದ್ದೆ, ಕೈಗಳು ಒಪ್ಪಲಿಲ್ಲ. ನೋಡಲು ಬಂದ ಇದಿನಬ್ಬ ಕೊನೆಗೆ, ನೀವು ಹಿಂದೆ ಹೋಗುವ ಆಸೆಯನ್ನೇ ಬಿಡಿ, ಅಬುಧಾಬಿ ಮುಂದೆಯೇ ಇರುವುದಲ್ಲವಾ ಎಂದು ಸಮಾಧಾನ ಹೇಳಿದ. ಅವನ ಅಂಗಡಿಯ ಅಕ್ಕಿ ಮೂಟೆಗಳನ್ನು ಹೇರಿಕೊಂಡು ಜೆಬೆಲ್ ಅಲಿಯ ತನಕ ಹೋಗಿ, ಅಕ್ಕಿಗೆ ಏನೂ ಆಗಲಿಲ್ಲವೆಂದು ಖಚಿತಪಡಿಸಿಕೊಂಡು ವಾಪಸು ತಂದೆ. ಇದನ್ನೆಲ್ಲ ಕೇಳಿ ಲವೀನಾ ಫೋನಿನಲ್ಲಿ, "ದೀಪ ಹಚ್ಚಿ ಆಯ್ತಾ?" ಎಂದಳು.

ಹೊರಟ ದಿನ ಶಿಲುಬೆಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿದೆ. ಆಲ್ತಾರಿಗೆ ಇದ್ದ ಕಂಬಳಿಗಳನ್ನೆಲ್ಲ ಹೊದೆಸಿ ನೇರವಾಗಿ ನಿಲ್ಲಿಸಿ ಕಟ್ಟಿದೆವು. ಇದಿನಬ್ಬ ತನ್ನ ವ್ಯಾನು ತಂದು ಹಿಂದೆ ನಿಲ್ಲಿಸಿದ. ಏನಾದರೂ ಬಿದ್ದರೆ ಹೆಕ್ಕಲು ಒಬ್ಬ ಬೇಕಲ್ಲ ಎಂದ. ಹೀಗೆ ಮುಂದೆ ಹೊರೆಯನ್ನು ಎಳೆಯಲಾರದೆ ಎಳೆಯುವ ನಾನು, ಅದರ ಹಿಂದೆ ಅಂಥ ಎರಡು ಹೊರೆ ಹಿಡಿಸುವ ಖಾಲಿ ವ್ಯಾನು, ಲಾರಿಗಳಿಗೆಂದಿರುವ ಪಥದಲ್ಲಿ ಮೆರವಣಿಗೆ ಹೊರಟೆವು. ರಜೆಯ ಶುಕ್ರವಾರದ ರಸ್ತೆ ಖಾಲಿಯಿತ್ತು. ಮೊದಮೊದಲು ನಾನು ಕನ್ನಡಿಯಲ್ಲಿ ಹಗ್ಗ ನೋಡುತ್ತಿದ್ದೆ, ಕೊಕ್ಕೆ ನೋಡುತ್ತಿದ್ದೆ. ದುಬೈ ಮುಗಿಯುವ ಗಂತೂತ್ ದಾಟಿದ ಮೇಲೆ ನೋಡುತ್ತಿದ್ದದ್ದು ಕಂಬಳಿ ಹೊದ್ದು ನಿಂತ ಆ ಆಕಾರವನ್ನು ಮಾತ್ರ. ಮಾವ ಹಾಗೆಯೇ ಇದ್ದರು, ಗಿಡ್ಡ, ಭುಜ ಅಗಲ. ಮಗಳ ಮನೆ ನೋಡಲು ಒಮ್ಮೆ ಬರಬೇಕೆಂದು ಹೇಳುತ್ತಲೇ ಇದ್ದವರು. ವೀಸಾ, ಮಳೆಗಾಲ, ಅರ್ಧ ಕಟ್ಟಿದ ದೋಣಿ ಎಂದು ಏನೋ ಒಂದು ಅಡ್ಡ ಬರುತ್ತಿತ್ತು. ಈಗ ಅಲುಗದೆ ನನ್ನ ಹಿಂದೆ ನಿಂತುಕೊಂಡು ಬರುತ್ತಿದ್ದರು. ಆ ಒಂದಷ್ಟು ದೂರ ನಾನು ಯಾವುದಕ್ಕೂ ಚಿಂತೆ ಮಾಡಲಿಲ್ಲ. ಚಿಂತೆ ಮಾಡುತ್ತಿಲ್ಲವಲ್ಲ ಎಂದು ಹೊಳೆದದ್ದೇ ಗಾಬರಿಯಾಗಿ ಮತ್ತೆ ಹಗ್ಗ ನೋಡಿದೆ.

ಅಬುಧಾಬಿಯ ಹೊಸ ಮನೆ ತಲುಪಿದಾಗ ಲವೀನಾ ಕೆಳಗೇ ನಿಂತಿದ್ದಳು. ಕಂಬಳಿಗಳನ್ನು ಒಂದೊಂದಾಗಿ ತಾನೇ ತೆಗೆದು, ಗಾಜು ಮುಟ್ಟಿ, ಬೆಣೆಗಳನ್ನು ಬೆರಳಿನಿಂದ ತಡವಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ವ್ಯಾನಿನ ಕಡೆ ನೋಡಿ, ಇದರಲ್ಲೇ ತರಬಹುದಿತ್ತಲ್ಲ ಎಂದಳು. ನಾನು ಅವಳ ಕಿವಿಯಲ್ಲಿ ಒಣಮೀನಿನ ಸಂಗತಿ ಹೇಳಿದೆ.

"ದೋಣಿ ಕಟ್ಟುವವರ ಕೈಯಲ್ಲಿ ಆದದ್ದು ಇದು," ಎಂದಳು ಅವಳು. "ಅಪ್ಪನಿಗೆ ಮೀನಿನ ವಾಸನೆ ಹೊಸದಾ?"

ಇದಿನಬ್ಬನಿಗೆ ಕೇಳಿಸಿರಬೇಕು. ಅವನು ಬಹಳ ಆಸಕ್ತಿಯಿಂದ ನನ್ನ ಟ್ರೇಲರಿನ ಟಯರನ್ನು ನೋಡುತ್ತಿದ್ದ. ಆಲ್ತಾರಿನ ಇನ್ನೊಂದು ಬದಿ ಹಿಡಿದು ಮೇಲೆ ತಂದಿಟ್ಟು, ಊಟ ಮಾಡಿ, ಹೊರಡುವಾಗ ಆ ಟ್ರೇಲರನ್ನು ಇನ್ನೇನು ಮಾಡುತ್ತೀರಿ ಎಂದು ಮಾತ್ರ ಕೇಳಿದ. ಅದು ಇವತ್ತಿಗೂ ಕೆಳಗೆ ಪಾರ್ಕಿಂಗಿನಲ್ಲಿದೆ. ರಿವರ್ಸ್ ಬಾರದ ಕಾರಣ ಅದನ್ನು ಅಲ್ಲಿಂದ ತೆಗೆಯಲಾಗಿಲ್ಲ.

ರಾತ್ರಿ ಎಂಟಕ್ಕೆ ಆಲ್ತಾರಿನ ಮುಂದೆ ಇಬ್ಬರೂ ಮೊಣಕಾಲೂರಿದೆವು. ಅಷ್ಟು ವರ್ಷಗಳ ಮೇಲೆ ಅಕ್ಕಪಕ್ಕ, ಭುಜಕ್ಕೆ ಭುಜ ತಾಗಿಸಿ. ಮೇಣದಬತ್ತಿ ಅವಳ ಕಣ್ಣೆದುರೇ ಉರಿಯುತ್ತಿತ್ತು. "ದೀಪ ಹಚ್ಚಿ ಆಯ್ತಾ?" ಎಂದಳು. "ಹಚ್ಚಿ ಆಯ್ತು" ಎಂದೆ. ಇಬ್ಬರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಅವಳು ಮೊದಲ ಮಣಿಯ ಪ್ರಾರ್ಥನೆಯಾದ ನಮಾನ್ ಮರಿಯೆಯ ತನ್ನ ಅರ್ಧ ಹೇಳಿದಳು. ಅದು ಪೂರ್ತಿ ಬಂದು ಮುಟ್ಟಲಿ ಎಂದು ನಾನು ಕಾದೆ. ನನ್ನ ಸದ್ದಿಲ್ಲವೆಂದು ಅವಳು ಮತ್ತೆ ಮೊದಲಿನಿಂದ ತೊಡಗಿದಳು, ಅದೇ ಗಳಿಗೆಗೆ ನಾನೂ ಬಾಯಿ ತೆರೆದೆ. ಇಬ್ಬರೂ ನಿಂತೆವು. ಇಬ್ಬರೂ ಕಾದೆವು. ಆಗ ಅವಳು, ನನ್ನ ಪಕ್ಕದಲ್ಲೇ, ಕಣ್ಣು ಮುಚ್ಚಿಕೊಂಡೇ, "ಹಲೋ? ಕೇಳ್ತಾ ಉಂಟಾ?" ಎಂದಳು.

ಕೇಳ್ತಾ ಉಂಟು ಎಂದೆ. ಮತ್ತೆ ಹೊರಟೆವು. ಹತ್ತು ಮಣಿಗಳಲ್ಲಿ ಎಲ್ಲಿ ಇದ್ದೇವೆಂಬುದು ತಪ್ಪಿತು, ಒಂದರ್ಧವನ್ನು ಇಬ್ಬರೂ ಹೇಳಿದೆವು, ಇನ್ನೊಂದರ್ಧವನ್ನು ಯಾರೂ ಹೇಳಲಿಲ್ಲ. ಲವೀನಾ ಕಣ್ಣು ತೆರೆದು, "ಇವತ್ತು ಒಂದು ದಿನ ನೀವು ಆಚೆ ಕೋಣೆಗೆ ಹೋಗಿ ಫೋನ್ ಮಾಡಿ," ಎಂದಳು. "ಅಪ್ಪ ಬಂದ ಮೊದಲ ದಿನ ತಪ್ಪುತಪ್ಪಾಗಿ ಬೇಡ."

ನಾನು ಎದ್ದು ಮಲಗುವ ಕೋಣೆಗೆ ಹೋಗಿ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತು ಫೋನ್ ಮಾಡಿದೆ. ಗೋಡೆಯ ಆಚೆ ರಿಂಗಾಯಿತು. ಈಗ ಆಲ್ತಾರಿನ ಮುಂದೆ ಇದ್ದವಳು ಅವಳಾದ್ದರಿಂದ, ಕೇಳುವ ಸರದಿ ನನ್ನದು. "ದೀಪ ಹಚ್ಚಿ ಆಯ್ತಾ?" ಎಂದೆ. "ಹಚ್ಚಿ ಆಯ್ತು" ಎಂಬುದು ಗೋಡೆಯಿಂದ ಒಮ್ಮೆ, ಕಿವಿಯಲ್ಲಿ ಒಮ್ಮೆ ಬಂತು. ಆಮೇಲೆ ತೇರ್ಸ್ ಒಂದು ತಪ್ಪಿಲ್ಲದೆ ಕೊನೆಯವರೆಗೆ ನಡೆಯಿತು. ನಡುವೆ ಒಂದೇ ಒಂದು ಸಲ, ಲೈನ್ ಕಟ್ಟಾದರೆ ಅವಳನ್ನು ಎಲ್ಲಿ ಹುಡುಕುವುದೆಂದು ನನಗೆ ಚಿಂತೆಯಾಯಿತು.