ಗೆಸ್ಟೆಡ್ ಅಳಿಯ

ತೆಲುಗು ಸೀಮೆಯ ಪೆದ್ದಹರಿವಾಣಂನ ಉರುಕುಂದಪ್ಪನವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅವರ ಹಿರಿಯ ಅಳಿಯ ಗೋವರ್ಧನ ಹನ್ನೊಂದು ವರ್ಷದಿಂದ ಎಲ್ಲ ತಪ್ಪನ್ನೂ ಆ ಕಿವಿಗಳ ಮೇಲೆಯೇ ಹೊರಿಸುತ್ತ ಬಂದಿದ್ದಾನೆ. ಹೆಣ್ಣು ನೋಡುವ ದಿನ ಮಧ್ಯಸ್ಥ ದಸ್ತಗಿರಿ, "ಹುಡುಗ ಯೂನಿವರ್ಸಿಟಿಯಾಗ ಫಾರೆಸ್ಟ್ ಪಾಠ ಹೇಳ್ತಾನ್ರಿ, ಗೆಸ್ಟ್ ಅದಾನ" ಅಂದದ್ದು ಖರೆ. ಆದರೆ ಆ ಸೀಮೆಯಲ್ಲಿ ಗೆಜೆಟೆಡ್ ಆಫೀಸರನನ್ನು ಜನ ಬಾಯಿತುಂಬ ಕರೆಯುವುದೇ 'ಗೆಸ್ಟೆಡ್ ಆಫೀಸರ್' ಎಂದು. ಹಸಿರು ಇಂಕಿನಲ್ಲಿ ಒಂದು ಗೀಚು ಗೀಚಿದರೆ ಜೆರಾಕ್ಸ್ ಕಾಪಿಗೂ ಅಸಲಿನ ಗೌರವ ತಂದುಕೊಡುವ ಪುಣ್ಯಾತ್ಮ. ಉರುಕುಂದಪ್ಪನವರು ಕೂತಲ್ಲೇ ಕೈ ಮುಗಿದರು. ಗೋವರ್ಧನ ಆಗಲೇ ತಿದ್ದಬಹುದಿತ್ತು. (ಬಾಯಲ್ಲಿ ಹೋಳಿಗೆ ಇತ್ತು. ಹೋಳಿಗೆ ಇಳಿಯುವಷ್ಟರಲ್ಲಿ ಮದುವೆ ಗಟ್ಟಿಯಾಗಿತ್ತು.)

ಗೆಸ್ಟ್ ಅಂದರೆ ಅತಿಥಿ ಉಪನ್ಯಾಸಕ. ತಿಥಿ ನೋಡದೆ ಬರುವವನೇ ಅತಿಥಿ ಎಂದು ತಿಳಿದವರು ಹೇಳುತ್ತಾರೆ. ಗೋವರ್ಧನನ ವಿಷಯದಲ್ಲಿ ಹಾಗೆ ಬರುತ್ತಿದ್ದದ್ದು ಪಗಾರ. ತೆಗೆದುಕೊಂಡ ಪಾಠಕ್ಕಷ್ಟೇ ದುಡ್ಡು. ಬೇಸಿಗೆ ರಜೆಗೆ ಇಲ್ಲ, ದಸರೆಗೆ ಇಲ್ಲ, ಯಾರಾದರೂ ದೊಡ್ಡವರು ತೀರಿಕೊಂಡು ರಜೆ ಕೊಟ್ಟರೆ ಅವತ್ತೂ ಇಲ್ಲ. ಪ್ರತಿ ಜೂನಿನಲ್ಲೂ ತನ್ನ ಕೆಲಸಕ್ಕೆ ತಾನೇ ಹೊಸ ಅರ್ಜಿ ಹಾಕಿ, "ಈ ವಿಭಾಗದ ಪರಿಚಯ ಇದೆಯೇ?" ಎಂಬ ಪ್ರಶ್ನೆಗೆ ವಿನಯದಿಂದ ಉತ್ತರಿಸಬೇಕು. ಅರಣ್ಯಶಾಸ್ತ್ರ ಮತ್ತು ವನ್ಯಜೀವಿ ಸಂರಕ್ಷಣೆ ಅವನ ವಿಷಯ. ಅವನ ಹತ್ತಿರ ಪಾಠ ಕೇಳಿದ ಹುಡುಗರು ಇಲಾಖೆ ಸೇರಿ ಜೀಪಿನಲ್ಲಿ ಓಡಾಡುತ್ತಿದ್ದರು. ಕೃಷ್ಣಮೃಗಕ್ಕೆ ಕಾನೂನಿನ ರಕ್ಷಣೆ ಇತ್ತು. ಮೇಷ್ಟರಿಗೆ ಮಾತ್ರ ಇರಲಿಲ್ಲ. ತೆಲುಗಿನಲ್ಲಿ ಸಂಬಳಕ್ಕೆ ಜೀತಂ ಅನ್ನುತ್ತಾರೆ, ಕನ್ನಡದಲ್ಲಿ ಜೀತ ಅಂದರೇನು ಅಂತ ಬೇರೆ ಬಿಡಿಸಿ ಹೇಳಬೇಕಿಲ್ಲ. ಎರಡೂ ಭಾಷೆ ಬಲ್ಲ ಗೋವರ್ಧನನಿಗೆ ಎರಡೂ ದಕ್ಕಿದ್ದವು. ಆದೋನಿಯಲ್ಲಿ ಅವನ ಸಂಸಾರ ನಡೆಯುತ್ತಿದ್ದದ್ದು ಹೆಂಡತಿ ಸೌಜನ್ಯ ಹತ್ತಿ ಮಿಲ್ಲಿನ ಆಫೀಸಿನಿಂದ ಒಂದನೇ ತಾರೀಖು ತರುವ ಪಗಾರದಲ್ಲಿ.

ಮಾರ್ಚ್ ತಿಂಗಳ ಒಂದು ಗುರುವಾರ ಉರುಕುಂದಪ್ಪನವರ ಫೋನು ಬಂತು. ಸೌಜನ್ಯ ಸ್ಪೀಕರ್ ಒತ್ತಿದಳು.

"ಅವ್ವಾ ಸೌಜನ್ಯ, ನಿನ್ನ ತಂಗಿಗೆ ಸಂಬಂಧ ಬಂದೈತಿ. ದೇವನಕೊಂಡದ ಹುಡುಗ, ಶಿವಕೃಷ್ಣ ಅಂತ. ಅಳಿಯಾರ ಡಿಪಾರ್ಟ್‌ಮೆಂಟಿನಾಗಽ ಅದಾನಂತ. ಅವನೂ ಗೆಸ್ಟೆಡ್ಡಽ. ಐತಾರ ಬರ್ತಾರ. ಅಳಿಯಾರು ಒಂದು ಮಾತು 'ಮಂಚಿದಿ, ಒಳ್ಳೇದು' ಅಂದ್ರ ಸಾಕು, ಅಲ್ಲೇ ತಾಂಬೂಲ ಬದಲಾಯಿಸಿಬಿಡೋದು."

ಫೋನು ಇಟ್ಟು ಸೌಜನ್ಯ ಗಂಡನ ಕಡೆ ತಿರುಗಿದಳು. "ಕೇಳಿದ್ರಿಲ್ಲ?"

"ಹುಡುಗ ಒಳ್ಳೆಯವನದಾನ."

"ನಾ ಹುಡುಗನ ಸುದ್ದಿ ಕೇಳಲಿಲ್ಲ. ಐತಾರ ನಮ್ಮಪ್ಪಗ ಆ ಕೆಲಸದ ಖರೆ ಹೇಳ್ರಿ."

"ಅವಂದು ಹೇಳಿದ್ರ ನಂದೂ ಹೊರಗ ಬೀಳ್ತೈತಲ್ಲ."

"ಬೀಳ್ಲಿ. ಹನ್ನೊಂದು ವರ್ಷ ನಾ ಬಾಯಿ ಮುಚ್ಚಿಕೊಂಡು ಸಂಸಾರ ತೂಗಿಸೀನಿ. ನನ್ನ ತಂಗಿ ತಲಿಮ್ಯಾಲೂ ಅದನ್ನಽ ಹೊರಸಬೇಕೇನು?"

"ಅವಂದಷ್ಟ ಕೆಟ್ಟದು, ನಂದು ಪರವಾಗಿಲ್ಲ ಅಂತ ಹೇಳಿದ್ರ?"

"ಇಬ್ಬರದೂ ಒಂದಽ ಟೇಬಲ್ಲು. ಯಾವ ಬಾಯಿಲೆ ಹೇಳ್ತೀರಿ?"

ಗೋವರ್ಧನನಿಗೆ ಮೂರು ದಿನ ಅನ್ನ ರುಚಿಸಲಿಲ್ಲ. ಯೂನಿವರ್ಸಿಟಿಯಲ್ಲಿ ಅವನಿಗೆ ಸ್ವಂತದ್ದೊಂದು ಕುರ್ಚಿಯೂ ಇರಲಿಲ್ಲ; ಪೆದ್ದಹರಿವಾಣಂನಲ್ಲಿ ಹೋದ ಮನೆಯವರೆಲ್ಲ ಟವೆಲ್ ಹಾಸಿ ಕುರ್ಚಿ ಕೊಡುತ್ತಿದ್ದರು. ಜೆರಾಕ್ಸ್ ಹಿಡಿದು ಬಂದವರಿಗೆ "ಹಸಿರು ಪೆನ್ನು ಆದೋನಿಯಾಗ ಉಳದೈತಿ" ಅಂದರೆ, ಅವರೂ ತಪ್ಪು ತಮ್ಮದೇ ಎಂಬಂತೆ ತಲೆಬಾಗಿ ಹೋಗುತ್ತಿದ್ದರು. ಭೂಮಿಯ ಮೇಲೆ ಅವನಿಗೆ ಪರ್ಮನೆಂಟ್ ಆದದ್ದು ಅದೊಂದೇ ಊರು. ಈಗ ಅದನ್ನೂ ಕಳೆದುಕೊಳ್ಳಬೇಕಾಗಿತ್ತು.

ಭಾನುವಾರ ಶಿವಕೃಷ್ಣ ತನ್ನ ತಂದೆ ಉಚ್ಚೀರಪ್ಪನವರ ಜೊತೆ ಬಂದ. ಗೋವರ್ಧನನನ್ನು ಕಂಡು "ನಮಸ್ಕಾರ ಸಾರ್" ಎಂದು ಎದ್ದು ನಿಂತವನು ಮೂರು ಸಲ ಹೇಳಿದ ಮೇಲೆ ಕೂತ. ಅತ್ತೆ ಹುಸೇನಮ್ಮ ಉಪ್ಪಿಟ್ಟು ತಂದಿಟ್ಟರು. ಉರುಕುಂದಪ್ಪನವರು ಮೀಸೆ ಸವರಿಕೊಂಡು, "ಹೇಳ್ರಿ ಅಳಿಯಾರೆ, ನಿಮಗ ಗೊತ್ತಿಲ್ಲದ ಕೆಲಸೇನು? ಹ್ಯಾಂಗೈತಿ?" ಅಂದರು. ಅಡುಗೆಮನೆಯ ಬಾಗಿಲಲ್ಲಿ ಸೌಜನ್ಯ ನಿಂತಿದ್ದಳು.

"ಮಾವಾ," ಅಂದ ಗೋವರ್ಧನ, "ಗೆಸ್ಟ್ ಅಂದ್ರ ಗೆಸ್ಟೆಡ್ ಅಲ್ಲರಿ. ಗೆಸ್ಟ್ ಅಂದ್ರ ಚುಟ್ಟಂ. ಮನಿಗೆ ಬಂದ ಬೀಗರಿದ್ದಂಗ. ಹೋದ್ರ ಕೂಡ್ರಸ್ತಾರ, ಚಾ ಕೊಡ್ತಾರ, ಏಳು ಅಂದ್ರ ಎದ್ದು ಬರಬೇಕು. ಇವನೂ ಅಷ್ಟಽ, ನಾನೂ ಅಷ್ಟಽ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಹನ್ನೊಂದು ವರ್ಷದ ಮಾತು ಒಂದೇ ಉಸಿರಿಗೆ ಹೊರಬಿತ್ತು. ಆರು ತಿಂಗಳಿಗೊಮ್ಮೆ ಬರುವ ಪಗಾರ, ಬಾರದ ಪಿಎಫ್ಫು, ಜೂನಿನ ಅರ್ಜಿ, ಪಿಎಚ್‌ಡಿ ಮುಗಿಸಿದವನಿಗೆ ಮೇಸ್ತ್ರಿಗಿಂತ ಕಡಿಮೆ ಕೂಲಿ ಎಂಬ ಲೆಕ್ಕ, ಎಲ್ಲ ಬಂತು. "ಅದರಾಗ ಏನೂ ಹುರುಳಿಲ್ಲ ಮಾವಾ. ವೈರಿಗೂ ಬ್ಯಾಡ ಆ ಕೆಲಸ" ಎಂದು ಮುಗಿಸಿದಾಗ ಅವನಿಗೆ ಎದೆ ಹಗುರಾಗಿ, ತನ್ನ ಬಗ್ಗೆ ತನಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಮೊದಲು ಬಾಯಿ ಬಿಟ್ಟವರು ಹುಸೇನಮ್ಮ. "ನಾ ಆಗಽ ಅಂದಿದ್ದೆ. ಗೆಸ್ಟೆಡ್ ಆಫೀಸರು ಬಸ್ಸಿನಾಗ ನಿಂತು ಬರ್ತಾನೇನು ಅಂತ."

ಆಗ ಸೌಜನ್ಯಳ ತಂಗಿ ಲಾವಣ್ಯ ಒಳಗಿನಿಂದ ಬಂದಳು. ಗ್ರಾಮ ಸಚಿವಾಲಯದಲ್ಲಿ ಸರ್ಕಾರಿ ನೌಕರಿ ಮಾಡುವ ಹುಡುಗಿ, ಮಾತು ನೇರ. ಶಿವಕೃಷ್ಣನ ಕಡೆ ಕೈ ಮಾಡಿದಳು. "ಎಪ್ಪಾ, ಇವ್ರು ಮೊದಲನೇ ದಿನಽ ಫೋನಿನಾಗ ನನಗ ಎಲ್ಲಾ ಹೇಳ್ಯಾರ. ಗೆಸ್ಟ್ ಅಂದ್ರೇನು, ಎಷ್ಟು ಬರ್ತೈತಿ, ಎಷ್ಟು ಬರೂದಿಲ್ಲ, ಎಲ್ಲಾ. ನನ್ನ ನೌಕರಿ ಐತಿ. ಮೊದಲ ದಿನಽ ಖರೆ ಹೇಳೋ ಮನುಷ್ಯ ಸಿಕ್ಕಾನ, ನನಗ ಸಾಕು."

ಅವಳು ಬಾವನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಗೋವರ್ಧನ ನಾಚಿಕೆಯಿಂದ ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಒಂದೊಂದಾಗಿ ಆರಿಸತೊಡಗಿದ.

ಶಿವಕೃಷ್ಣ ಕೆಮ್ಮಿದ. "ಖರೆ ಹೇಳೋದಾದ್ರ ಇನ್ನೊಂದೈತ್ರಿ. ನಿನ್ನೆ ಆಫೀಸಿನಾಗ ಹೇಳಿದ್ರು, ಬರೋ ಜೂನಿನಿಂದ ನಮ್ಮ ಡಿಪಾರ್ಟ್‌ಮೆಂಟಿಗೆ ಒಬ್ಬಽ ಗೆಸ್ಟ್ ಅಂತ. ಸಾರು ಸೀನಿಯರು. ನಂದು ಇಲ್ಲ ಅಂತ ತಿಳಕೊಂಡಽ ಮಾತು ಮುಂದುವರಸ್ರಿ."

ಗೋವರ್ಧನನ ಕೈ ಕರಿಬೇವಿನ ಮೇಲೆಯೇ ನಿಂತಿತು. ಉರುಕುಂದಪ್ಪನವರ ಮುಖ ಮಾತ್ರ ತಿಳಿಯಾಯಿತು.

"ಇಷ್ಟಽ ಏನು? ಅಳಿಯಾರು ಈಗಷ್ಟ ಹೇಳಿದ್ರಲ್ಲ, ಅದರಾಗ ಹುರುಳಿಲ್ಲ, ವೈರಿಗೂ ಬ್ಯಾಡ ಅಂತ. ಅಂಥಾದ್ದು ಬಿಡಾಕ ಅವ್ರಿಗೇನು ಅಡ್ಡಿ? ಬಿಟ್ಟುಕೊಡ್ತಾರ ತಗೋ."

ಗೋವರ್ಧನ ಹೆಂಡತಿಯ ಮುಖ ನೋಡಿದ. ಸೌಜನ್ಯ, "ನನ್ನ ಯಾಕ ನೋಡ್ತೀರಿ? ಹೇಳಿದವರು ನೀವು" ಅಂದಳು.

"ಇಲ್ಲ ಮಾವಾ," ಅಂದ ಅವನು, "ಆ ಕೆಲಸ ಅಷ್ಟೇನೂ ಕೆಟ್ಟದಲ್ಲರಿ." ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿದ. ಮಳೆ ಬಿದ್ದ ವಾರ ಹುಡುಗರನ್ನು ಗುಡ್ಡಕ್ಕೆ ಕರೆದೊಯ್ಯುವುದು, ಕಣ್ಣು ಮುಚ್ಚಿಸಿ ತೊಗಟೆ ಮುಟ್ಟಿಸಿ ಯಾವ ಮರ ಅಂತ ಕೇಳುವುದು, ಒಬ್ಬ ಸರಿಯಾಗಿ ಹೇಳಿದರೆ ಅವತ್ತಿಡೀ ತಾನೇ ಪಾಸಾದ ಹಾಗೆ ಅನ್ನಿಸುವುದು. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಯಾಕೆ ಬಿಡಲಿಲ್ಲ ಅಂತ ಅವನಿಗೂ ಆಗಲೇ ತಿಳಿದದ್ದು. "ಭಾಳ ಒಳ್ಳೆ ಕೆಲಸರಿ ಮಾವಾ. ಪಗಾರ ಇಲ್ಲಂದ್ರೂ ಮಾಡಬೇಕನ್ನಸ್ತೈತಿ."

ಉರುಕುಂದಪ್ಪನವರು ಗಮನವಿಟ್ಟು ಕೇಳಿದರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

"ಅಷ್ಟು ಒಳ್ಳೆ ಕೆಲಸಾದ್ರ ಹೊಸಾಗಿ ಮದುವಿ ಆಗೋ ಹುಡುಗಗಽ ಇರ್ಲಿ ಬಿಡ್ರಿ," ಎಂದು ಅವರು ತಾಂಬೂಲದ ತಟ್ಟೆ ಎತ್ತಿ ಉಚ್ಚೀರಪ್ಪನವರ ಕೈಗಿಟ್ಟರು.