ಕರಿಘಟ್ಟ ತಲುಪಿಸದ ನಮ್ಮ ಮಾವ

ಹೊರಡುವುದರಲ್ಲಿ ನಮ್ಮ ಮಾವನವರನ್ನು ಮೀರಿಸುವವರು ಪಾಂಡವಪುರ ತಾಲ್ಲೂಕಿನಲ್ಲೇ ಇಲ್ಲ. ತಲುಪುವುದರಲ್ಲಿ ಅವರಷ್ಟು ಹಿಂದುಳಿದವರೂ ಇಲ್ಲ! ಕ್ಯಾತನಹಳ್ಳಿಯ ನಮ್ಮ ಮನೆಗೂ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟಕ್ಕೂ ನಡುವೆ ಇರುವುದು ಅರ್ಧ ದಿನವೂ ಬೇಡದ ದಾರಿ. ಆ ಬೆಟ್ಟಕ್ಕೆಂದು ಅವರು ನನ್ನನ್ನೂ ನನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೂರು ಬೇಸಿಗೆ ಹೊರಟರು. ಮೂರು ಬೇಸಿಗೆಯೂ ಬೆಟ್ಟ ಇದ್ದಲ್ಲೇ ಇತ್ತು, ನಾವು ಹೋಗಲಿಲ್ಲ ಅಷ್ಟೆ.

ಇದು ತೊಂಬತ್ತರ ದಶಕದ ಮಾತು. ಮಗಳು ಆಗಷ್ಟೇ ಸ್ಕೂಲಿಗೆ ಸೇರಿದ್ದಳು, ಮಗ ಇನ್ನೂ ಚಡ್ಡಿ ಜಾರಿದರೆ ಅಳುವ ವಯಸ್ಸು. ನಾನು ನಾಗಮಂಗಲದ ಕಡೆಯವಳು. ರಾಗಿ ಹೊಲ, ತೆಂಗಿನ ತೋಟ ಕಂಡವಳೇ ಹೊರತು ಹೊಳೆ ಕಂಡವಳಲ್ಲ. ಕರಿಘಟ್ಟದ ಮೇಲೆ ನಿಂತರೆ ಕೆಳಗೆ ಲೋಕಪಾವನಿ ಬಂದು ಕಾವೇರಿಯನ್ನು ಸೇರುವುದು ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಮಕ್ಕಳಿಗೆ ಅದನ್ನು ತೋರಿಸಬೇಕೆಂಬುದು ನನ್ನ ಆಸೆ. ಆಸೆಯ ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ನಾಗಮಂಗಲದಲ್ಲೇ ಇರುವ ನನ್ನ ಅಕ್ಕ ಪ್ರತಿ ರಜದಲ್ಲೂ ಮಕ್ಕಳನ್ನು ಊಟಿ, ಬೆಂಗಳೂರು ಎಂದು ಸುತ್ತಿಸಿ ಬಂದು, ಫೋಟೋ ಆಲ್ಬಮ್ ನನ್ನ ತೊಡೆಯ ಮೇಲಿಟ್ಟು, "ನೀವ್ ಎಲ್ಗೋಗಿದ್ರೆ ಈ ಸಲ?" ಎಂದು ಕೇಳುತ್ತಿದ್ದಳು. ಏನು ಹೇಳಲಿ? ನಾಲೆ ಏರಿಯವರೆಗೆ ಹೋಗಿದ್ದೆವು ಎನ್ನಲೇ?

ಮೊದಲ ಬೇಸಿಗೆಯಲ್ಲಿ ನಿಜಕ್ಕೂ ಹೋದದ್ದು ಅಷ್ಟೇ. ನಮ್ಮ ಯಜಮಾನರಿಗೆ ಕಬ್ಬಿನ ಗದ್ದೆ ಬಿಟ್ಟು ಬರಲು ಪುರುಸೊತ್ತಿಲ್ಲ. ಅತ್ತೆಯವರು "ಅಸ ಕರಿಯೋರ್ ಯಾರು?" ಎಂದು ಹಸುಗಳ ಜೊತೆ ಮನೆಯಲ್ಲೇ ಉಳಿದರು. ಮಾವನವರು ಮಾತ್ರ ಬೆಳಿಗ್ಗೆಯೇ ಟ್ರಾಕ್ಟರು ತೊಳೆದು, ಟ್ರೈಲರಿಗೆ ಹುಲ್ಲು ಹರವಿ, ಮೇಲೆ ಜಮಖಾನ ಹಾಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ದೆಹಲಿಗೆ ಹೊರಟವರೂ ಅಷ್ಟು ತಯಾರಿ ಮಾಡುವುದಿಲ್ಲ. ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ನಾಲೆ ಏರಿಯ ಮೇಲಿನ ಒಂದು ಮನೆಯ ಮುಂದೆ ಟ್ರಾಕ್ಟರು ತಾನಾಗಿಯೇ ನಿಂತಿತು.

"ಒಂದ್ ಗಳಿಗೆ ಇಳ್ದು ಮಾತಾಡುಸ್ಕಂಡ್ ಓಗನ ಕಣವ್ವ. ದಾರೀಲೇ ಬಂದು ಅಂಗೇ ಓದ್ರು ಅಂತ ನೊಂದ್ಕಂಡಾರು."

ಆ ಮನೆಯ ಅಜ್ಜಿ ಹೊರಗೆ ಬಂದು ಮಾವನವರನ್ನು ನೋಡಿ ಕೇಳಿದ್ದು ಒಂದೇ ಮಾತು. "ಉಂಡೇನ್ಲಾ ಮಗ?" ಅರವತ್ತಕ್ಕೆ ಹತ್ತಿರವಾದ, ಪಂಚಾಯ್ತಿ ಕಟ್ಟೆಯಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ನಮ್ಮ ಮಾವನವರು ಚಪ್ಪಲಿ ಬಿಟ್ಟು, ಕೈ ಕಟ್ಟಿ, "ಇಲ್ಲ ಕಣವ್ವ" ಎಂದರು. ಬೆಳಿಗ್ಗೆ ನಾನೇ ನನ್ನ ಕೈಯಾರೆ ಆರು ರೊಟ್ಟಿ ಬಡಿಸಿದ್ದೆ! ಮೀಸೆಗೆ ಅಂಟಿದ ಚಟ್ನಿ ಇನ್ನೂ ಒಣಗಿರಲಿಲ್ಲ.

ನಾವು ಕಾಫಿ ಕುಡಿಯುವಷ್ಟರಲ್ಲಿ ಹಿತ್ತಲಲ್ಲಿ ಒಂದು ಕೋಳಿ ಕೂಗಿ ಸುಮ್ಮನಾಯಿತು. ಬಾಡು ಉಂಡ ದಿನ ದೇವರ ಬೆಟ್ಟ ಹತ್ತುವಂತಿಲ್ಲ. ಹಾಗೆಂದು ಕುಯ್ದ ಕೋಳಿಯನ್ನು ಬಿಟ್ಟು ಎದ್ದರೆ ಆ ಮನೆಯ ಮರ್ಯಾದೆ ಕಳೆದಂತೆ. ಮಾವನವರು ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಿ, "ಬೆಟ್ಟ ಎಲ್ಲೋದಾದು ಬುಡವ್ವ" ಎಂದರು. ಸಂಜೆ ಮನೆಗೆ ಬಂದು ನಾನು ಮುಖ ಊದಿಸಿಕೊಂಡಾಗ ಅತ್ತೆಯವರು, "ಓಗ್ಲಿ ಬುಡವ್ವ, ಅವ್ರ್ ಆಸೆ" ಎಂದಷ್ಟೇ ಹೇಳಿದರು.

ಎರಡನೇ ಬೇಸಿಗೆಗೆ ನಾನು ಬುದ್ಧಿ ಕಲಿತಿದ್ದೆ. ಬೇಕೆಂದೇ ಶನಿವಾರ ಹೊರಡಿಸಿದೆ. ಶನಿವಾರ ನಮ್ಮ ಕಡೆ ಒಲೆಯ ಮೇಲೆ ಬಾಡು ಏರುವುದಿಲ್ಲ. ಕೋಳಿಗಳೂ ನಿಶ್ಚಿಂತೆ, ನಾನೂ ನಿಶ್ಚಿಂತೆ. ನಾಲೆ ಏರಿ ಮನೆಯಲ್ಲಿ ಮಜ್ಜಿಗೆಗೇ ಮುಗಿಯಿತು. ಗೆದ್ದೆ ಎಂದುಕೊಂಡೆ. ಮುಂದಿನ ಊರಿನಲ್ಲಿ ಹುಣಸೆಮರದ ಕೆಳಗಿನ ಮನೆ. ಅಲ್ಲಿಯ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಟ್ರಾಕ್ಟರಿನ ಸದ್ದಿನಲ್ಲೇ ಗುರುತು ಹಿಡಿದು, ಮಾವನವರ ತಲೆ ಸವರಿ, "ಉಂಡೇನ್ಲಾ ಮಗ?" ಎಂದರು. ಇವರು ಮತ್ತೆ, "ಇಲ್ಲ ಕಣವ್ವ!" ಆಮೇಲೆ ಅಜ್ಜಿ ನನ್ನ ಕೈ ಹಿಡಿದು ಬಹಳ ಸಂಕಟದಿಂದ ಹೇಳಿದರು. "ಶನ್ವಾರ ಬಂದ್ಬುಟ್ರಲ್ಲ ಮಗ, ಕೋಳಿ ಕುಯ್ಯಂಗಿಲ್ಲ. ಬರೀ ಸೊಪ್ಪುನ್ ಸಾರಿಕ್ಕಿ ಎಂಗ್ ಕಳ್ಸನೆ? ಇದ್ಬುಡಿ, ನಾಳೀಕ್ ಕುಯ್ಯನ."

ಇದ್ದುಬಿಟ್ಟೆವು. ಭಾನುವಾರ ಕುಯ್ದರು. ಬೆಟ್ಟ ಮುಂದಿನ ವರ್ಷಕ್ಕೆ ಹೋಯಿತು. ಅಷ್ಟರಲ್ಲಿ ನನ್ನ ಮಕ್ಕಳು ಆ ಮನೆಯ ಎಮ್ಮೆ ಕರುವಿಗೆ ಹೆಸರಿಟ್ಟು, ಹುಣಸೆಹಣ್ಣು ತಿಂದು ಹಲ್ಲು ಚುಳುಗುಟ್ಟಿಸಿಕೊಂಡು, ಅಜ್ಜಿಯ ಕೈ ಹಿಡಿದು ನಲ್ಲಿಯವರೆಗೆ ನಡೆಸಿಕೊಂಡು ಹೋಗುವುದನ್ನು ಕಲಿತಿದ್ದರು. ಇಟ್ಟದ್ದನ್ನು ಬೇಡ ಎನ್ನದೆ ಉಣ್ಣುವುದು, ಹಿರಿಯರ ಕಾಲಿಗೆ ಹೇಳಿಸಿಕೊಳ್ಳದೆ ಬೀಳುವುದು ಅವರಿಗೆ ಬಂದದ್ದೂ ಹೀಗೆಯೇ. ನನ್ನ ಮಕ್ಕಳೆಂದು ಹೇಳುತ್ತಿಲ್ಲ, ನೋಡಿದವರೆಲ್ಲ ಹೇಳುತ್ತಿದ್ದರು. ಸರಿ, ನನ್ನ ಮಕ್ಕಳೆಂದೇ ಹೇಳುತ್ತಿದ್ದೇನೆ.

ಮೂರನೇ ಬೇಸಿಗೆಗೆ ಟ್ರಾಕ್ಟರನ್ನೇ ಬಿಟ್ಟೆ. ಬಸ್ಸು ಯಾವ ಅಜ್ಜಿಯ ಮನೆಯ ಮುಂದೆಯೂ ನಿಲ್ಲುವುದಿಲ್ಲ ತಾನೆ? ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸಿಗೆ ಕಾಯುತ್ತಾ ನಿಂತೆವು. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು. ಮಾವನವರು ಮೊದಲ ಪ್ರಶ್ನೆ ಹಾಕಿದರು. "ಯಾವೂರವ್ವ ನಿಮ್ದು?" ಎರಡನೆಯದು, "ಯಾರ್ ಮನೆ?" ಮೂರನೆಯದು, "ನಿಮ್ ತಾಯಿ ಯಾವೂರ್ ಹೆಣ್ಣು?" ಈ ಮೂರು ಪ್ರಶ್ನೆ ದಾಟಿಯೂ ನಮ್ಮ ಮಾವನಿಗೆ ನೆಂಟರಾಗದೆ ಉಳಿದವರನ್ನು ನಾನಿನ್ನೂ ಕಂಡಿಲ್ಲ. ಆಕೆ ಕೆ.ಆರ್. ಪೇಟೆಗೆ ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದರು. ಶ್ರೀರಂಗಪಟ್ಟಣದ ಬಸ್ಸು ಬಂತು, ಹೋಯಿತು. ಕೆ.ಆರ್. ಪೇಟೆಯ ಬಸ್ಸು ಬಂತು, ನಾವು ಹತ್ತಿದೆವು!

ಕರೆಯದ ನಾಮಕರಣದಲ್ಲಿ ನಾನು ಕಂಬದ ಹಿಂದೆ ಅಡಗಿ ನಿಂತಿದ್ದರೆ, ಮಾವನವರು ಆಗಲೇ ಪಾಯಸದ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಮಗಳು ತೊಟ್ಟಿಲು ತೂಗುತ್ತಿದ್ದಳು. ಅವತ್ತು ತೆಗೆದ ಫೋಟೋದಲ್ಲಿ ಮಗುವಿಗಿಂತ ಮುಂದೆ ನನ್ನ ಮಗ ನಿಂತಿದ್ದಾನೆ.

ಆ ರಜ ಮುಗಿಯುವ ಹೊತ್ತಿಗೆ ನಾಗಮಂಗಲದ ಸಮುದಾಯ ಭವನದಲ್ಲಿ ನಮ್ಮ ಜನ ಸೇರಿ ಮಕ್ಕಳಿಗೊಂದು ಹಬ್ಬ ಇಟ್ಟುಕೊಂಡರು. ಹಾಡು, ಕೋಲಾಟ, ಆಮೇಲೆ ಭಾಷಣ. ವಿಷಯ, 'ರಜದಲ್ಲಿ ನಾನು ಕಂಡದ್ದು'. ನನಗೆ ತಿಳಿಯದಂತೆ ಮಾವನವರು ನನ್ನ ಮಗಳ ಹೆಸರು ಬರೆಸಿಬಿಟ್ಟಿದ್ದರು. ಅಕ್ಕನ ಮಗ ಊಟಿಯ ಮೇಲೆ ಗಿಣಿಯಂತೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ. ನನ್ನ ಮಗಳು ಮೈಕಿನ ಮುಂದೆ ಹೋಗಿ ನಿಂತಾಗ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಏನು ಕಂಡಿದ್ದಾಳೆಂದು ಹೇಳುತ್ತಾಳೆ?

"ನಾವು ಕರಿಘಟ್ಟಕ್ಕೆ ಹೋಗಿದ್ವಿ" ಎಂದಳು. "ಆದ್ರೆ ಕರಿಘಟ್ಟ ಸಿಗ್ಲಿಲ್ಲ."

ಇಡೀ ಭವನ ನಕ್ಕಿತು. ಅಕ್ಕ ನನ್ನ ಕಡೆ ತಿರುಗಿದಳು. ನಾನು ಸೆರಗು ಸರಿಮಾಡಿಕೊಳ್ಳುವವಳಂತೆ ತಲೆ ತಗ್ಗಿಸಿದೆ.

"ನಾಲೆ ಏರಿ ಮನೇಲಿ ಮೂರು ಎಮ್ಮೆ ಇದಾವೆ. ಹುಣಸೆಮರದ ಮನೆ ಅಜ್ಜಿಗೆ ಕಣ್ಣು ಕಾಣ್ಸಲ್ಲ. ತಾತನ ತಲೆ ಮುಟ್ಟಿ ಉಂಡೇನ್ಲಾ ಅಂತಾರೆ. ತಾತ ಉಂಡಿದ್ರೂ ಇಲ್ಲ ಅಂತಾರೆ. ಎಲ್ಲಾ ಮನೇಲೂ ಹಂಗೇ ಅಂತಾರೆ." ಮತ್ತೆ ನಗು. ಅವಳು ನಗು ನಿಲ್ಲುವವರೆಗೆ ಕಾದಳು. "ಯಾಕ್ ತಾತ ಸುಳ್ಳು ಹೇಳ್ತೀಯ ಅಂತ ಕೇಳ್ದೆ. ತಾತ ಹೇಳಿದ್ರು, ನಾನು ನಿನ್ನಷ್ಟಿದ್ದಾಗ ನಮ್ಮವ್ವ ಸತ್ತೋದ್ಲು, ಈ ಅವ್ವದೀರೆಲ್ಲ ಒಂದೊಂದ್ ತಿಂಗ್ಳು ಒಬ್ಬೊಬ್ರು ಮನೇಲಿಟ್ಕಂಡು ಉಣ್ಣಕ್ಕಿಕ್ಕುದ್ರು. ಅವ್ರು ಕೇಳ್ದಾಗ ಉಂಡಿವ್ನಿ ಅಂತ ಎಂಗೇಳನೆ ಮಗ, ಅಂದ್ರು. ರಜದಲ್ಲಿ ನಾನು ಕಂಡಿದ್ದು ಇಷ್ಟೇ."

ಯಾರೂ ನಗಲಿಲ್ಲ. ಚಪ್ಪಾಳೆಯೂ ತಡವಾಗಿ ಬಂತು, ಬಂದದ್ದು ಬೇಗ ನಿಲ್ಲಲಿಲ್ಲ. ಮಾವನವರು ಎದ್ದು, "ಟ್ರಾಕ್ಟ್ರು ನೋಡ್ಕಂಡ್ ಬತ್ತೀನಿ" ಎಂದು ಹೊರಗೆ ಹೋದರು. ನಾವು ಅವತ್ತು ಬಂದದ್ದು ಬಸ್ಸಿನಲ್ಲಿ.

ಮಾವನವರ ಚಿಕ್ಕಂದಿನಲ್ಲೇ ಅವರ ತಾಯಿ ತೀರಿಕೊಂಡಿದ್ದರೆಂಬುದು ನನಗೆ ಗೊತ್ತಿತ್ತು. ಆಮೇಲೆ ಆ ಹುಡುಗನಿಗೆ ಊಟ ಇಟ್ಟವರು ಯಾರೆಂದು ಎರಡು ಬೇಸಿಗೆ ಆ ಮನೆಗಳಲ್ಲೇ ಉಂಡರೂ ನಾನು ಕೇಳಿರಲಿಲ್ಲ. ನನ್ನ ಮಗಳು ಕೇಳಿದ್ದಳು. ಅವತ್ತು ನನಗಾದ ಹೆಮ್ಮೆ ಇಂದಿಗೂ ಇಳಿದಿಲ್ಲ. ಮೊದಲ ಬಹುಮಾನ ಊಟಿಗೇ ಹೋಯಿತು, ಅವಳಿಗೆ ಸಿಕ್ಕಿದ್ದು ಎರಡನೆಯದು, ಒಂದು ಸ್ಟೀಲ್ ಡಬ್ಬಿ. ಅಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಮ್ ಹುಡ್ಗ ಊಟೀಲಿ ಒಬ್ರುನ್ನೂ ಕಂಡಿಲ್ಲ ಕಣೆ" ಎಂದಳು.

ಮುಂದಿನ ಶನಿವಾರ, ಸ್ಕೂಲು ಶುರುವಾಗುವ ಮೊದಲು, ಮಾವನವರು ಮತ್ತೆ ಟ್ರಾಕ್ಟರು ತೊಳೆದರು. "ಈ ಸಲ ಎಲ್ಲೂ ನಿಲ್ಸಕಿಲ್ಲ ಕಣವ್ವ. ಪಾಪ, ನಿಂಗೂ ಎಷ್ಟ್ ವರ್ಸದಿಂದ ಆಸೆ. ಸೀದಾ ಬೆಟ್ಟ." ಹಾಗೆಯೇ ಮಾಡಿದರು. ನಾಲೆ ಏರಿ ಮನೆ ದಾಟಿತು, ಅವರು ಅತ್ತ ತಿರುಗಿ ನೋಡಲಿಲ್ಲ. ಮಕ್ಕಳು ಕತ್ತು ತಿರುಗಿಸಿ ಆ ಮನೆಯನ್ನೇ ನೋಡುತ್ತಿದ್ದರು. ಹುಣಸೆಮರ ಹತ್ತಿರ ಬಂತು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಟ್ರಾಕ್ಟರಿನ ಸದ್ದಿಗೆ ಮುಖವೆತ್ತಿ, ಕಂಬ ಹಿಡಿದು ಎದ್ದು ನಿಂತರು.

"ಮಾವ, ನಿಲ್ಸಿ" ಎಂದೆ.

ನಿಲ್ಲಿಸಿದರು. ಮಕ್ಕಳು ನನಗಿಂತ ಮೊದಲೇ ಧುಮುಕಿ ಓಡಿದರು. ನಾನು ಹೋಗಿ ಅಜ್ಜಿಯ ಕಾಲು ಮುಟ್ಟಿದೆ. ಅವರ ಕೈ ನನ್ನ ತಲೆಯ ಮೇಲೆ, ಹೂವಿನ ಮೇಲೆ, ಕೆನ್ನೆಯ ಮೇಲೆ ತಡಕಾಡಿತು.

"ಸೊಸೆಯೇನವ್ವ? ಉಂಡ್ಯಾ ಮಗ?"

ಅರ್ಧ ಗಂಟೆಯ ಹಿಂದೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೊರಟಿದ್ದೆ. ಹಿಂದೆ ಮಾವನವರು ಟ್ರಾಕ್ಟರು ಆರಿಸಿದ್ದು ಕೇಳಿಸಿತು.

"ಇಲ್ಲ ಕಣವ್ವ" ಎಂದೆ.